ಪಟ್ಟಿಯಲ್ಲಿ ಇಲ್ಲದ ಸೌದೆ

ಎರಡು ಸಾವಿರ ಎಲೆಯ ಮದುವೆಗೆ ಸಾಮಾನಿನ ಪಟ್ಟಿಯನ್ನು ಕಣ್ಣು ಮುಚ್ಚಿ ಬಾಯಲ್ಲೇ ಹೇಳುವ ಮನುಷ್ಯ ನಾನು! ಬೆಲ್ಲ ಎಷ್ಟು, ಜೀರಿಗೆ ಎಷ್ಟು, ಕೊನೆಯ ಪಂಕ್ತಿಗೆ ಓಡೋಡಿ ಬರುವ ನೆಂಟರಿಗೆ ಎತ್ತಿಡಬೇಕಾದ ಹಪ್ಪಳ ಎಷ್ಟು, ಎಲ್ಲವೂ ನಾಲಿಗೆಯ ತುದಿಯಲ್ಲಿ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ಈ ಮೂರು ತಾಲೂಕಿನಲ್ಲಿ ಅಡುಗೆ ತ್ರ್ಯಂಬಕ ಭಟ್ಟ ಎಂದರೆ ಸಾಕು, ವಿಳಾಸವನ್ನು ಸಾರಿನ ಪರಿಮಳವೇ ಹೇಳುತ್ತದೆ. ಅಂಥ ನನಗೆ ಒಂದು ಕಂಪ್ಯೂಟರಿನ ಬಿಡಿಭಾಗ ಆರಿಸುವುದು ಯಾವ ಮಹಾವಿದ್ಯೆ? ಎಣಿಸಿದರೆ ಏಳೆಂಟು ಸಾಮಾನು! ಒಂದು ಬಿಸಿಬೇಳೆಬಾತಿಗೇ ಅದಕ್ಕಿಂತ ಹೆಚ್ಚು ಬೇಕು.

ಹೀಗೆಂದು ಎರಡು ಸಾವಿರದ ಏಳನೇ ಇಸವಿಯ ಬೇಸಿಗೆಯಲ್ಲಿ ಮೀಸೆಯಿಲ್ಲದ ಜಾಗವನ್ನೇ ತಿರುವಿ ಪ್ರತಿಜ್ಞೆ ಮಾಡಿದೆ.

ಕಂಪ್ಯೂಟರು ಯಾರಿಗೆ ಅಂತೀರಾ? ನನ್ನ ಹೆಂಡತಿ ತ್ರಿಪುರಸುಂದರಿಗೆ. ಹೆಸರು ಉದ್ದ, ಮಾತು ಗಿಡ್ಡ. ನಮಗೆ ಮಕ್ಕಳಿಲ್ಲ. ಯಾರಾದರೂ ಅದನ್ನು ಕೆದಕಿದರೆ ಸುಂದರಿ ನನ್ನ ಕಡೆ ಬೊಟ್ಟು ಮಾಡಿ, "ಇವರೊಬ್ರು ಸಾಕಲ್ಲ?" ಎಂದು ಮುಗಿಸಿಬಿಡುತ್ತಾಳೆ. ಹಿಂದಿನ ಮಳೆಗಾಲದಲ್ಲಿ ಅವಳು ಮಹಿಳಾ ಸಂಘದ ಮೂರು ತಿಂಗಳ ಕಂಪ್ಯೂಟರ್ ತರಗತಿಗೆ ಸೇರಿದ್ದಳು. ಟೈಪಿಂಗು ಮುಗಿದ ಮೇಲೆ ನಿಶ್ಚಿತಾ ಮೇಡಂ ಕಾಲು ಗಂಟೆ ಕಾರ್ ರೇಸ್ ಆಡಲು ಬಿಡುತ್ತಿದ್ದರಂತೆ. ನಲವತ್ತೆರಡರ ಸುಂದರಿ, ಸೈಕಲ್ಲನ್ನೂ ಮುಟ್ಟದ ಸುಂದರಿ, ಇಡೀ ತರಗತಿಗೇ ಫಸ್ಟು! ಬಹುಮಾನವಾಗಿ ಮೇಡಂ ಒಂದು ಹೊಸ ರೇಸಿನ ಸಿ.ಡಿ. ಕೊಟ್ಟರು. ಅದು ಸಂಘದ ಹಳೆಯ ಕಂಪ್ಯೂಟರಿನಲ್ಲಿ ಓಡುವಂಥದ್ದಲ್ಲ. ಆಮೇಲೆ ತರಗತಿಯೂ ಮುಗಿಯಿತು. ಸಿ.ಡಿ. ದೇವರ ಗೂಡಿನಲ್ಲಿ ಕುಂಕುಮದ ಭರಣಿಗೆ ಒರಗಿ ಕೂತಿತು.

ಒಂದು ದಿನ ನಾನು ಹಿತ್ತಿಲ ಬಾಗಿಲಿನಿಂದ ಬಂದಾಗ ಇವಳು ಇಡ್ಲಿ ಪಾತ್ರೆಯ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತ ನಿಂತಿದ್ದಳು.

"ಎಂತ ಮಾಡ್ತಿದ್ದಿ?"

"ಮುಚ್ಚಳ ಒರೆಸ್ತಿದ್ದೆ."

"ಒರೆಸೋಕೆ ಬಾಯಲ್ಲಿ ಡುರ್ರ್ ಅಂತ ಸದ್ದು ಎಂತಕ್ಕೆ ಮಾರಾಯ್ತಿ?"

ಅವಳ ಮುಖ ಕೆಂಪಾಯಿತು. ನನಗೆ ನಗು ಬಂತು. ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ.

ಏಕೆಂದರೆ ಈ ಹೆಂಗಸು ನನ್ನಲ್ಲಿ ಏನನ್ನೂ ಕೇಳಿದವಳಲ್ಲ. ನಮ್ಮ ಮದುವೆಯಾದದ್ದು ವೈಶಾಖದಲ್ಲಿ. ವೈಶಾಖದಲ್ಲಿ ಇಡೀ ಲೋಕವೇ ಮದುವೆಯಾಗುತ್ತದೆ, ನಾನು ಲೋಕಕ್ಕೆಲ್ಲ ಅಡುಗೆ ಮಾಡುತ್ತೇನೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಆ ದಿನ ಮನೆಯಲ್ಲಿದ್ದವನಲ್ಲ. ಸಂಜೆ ಯಾರದೋ ಮದುವೆಯ ಹೋಳಿಗೆಯನ್ನು ಪೇಪರಿನಲ್ಲಿ ಸುತ್ತಿ ತಂದು ಕೊಡುತ್ತಿದ್ದೆ. ಹೋದ ವರ್ಷ ಅವಳು ಪೊಟ್ಟಣ ಬಿಚ್ಚುತ್ತ, "ಈ ಸಲ ನಮ್ಮ ಮದ್ವೆ ಊಟ ಯಾವೂರಿಂದ ಬಂತು?" ಎಂದು ಕೇಳಿದ್ದಳು. ನಗುತ್ತಲೇ ಕೇಳಿದ್ದಳು. ಆ ಹೋಳಿಗೆ ಇನ್ನೂ ನನ್ನ ಗಂಟಲಲ್ಲೇ ಇದೆ.

ಆದ್ದರಿಂದ ತೀರ್ಮಾನಿಸಿದೆ: ಈ ವರ್ಷ ಆ ದಿನ ಮನೆಯಲ್ಲಿರುವುದು, ಆ ಸಿ.ಡಿ. ಓಡುವ ಕಂಪ್ಯೂಟರನ್ನು ಅವಳ ಮುಂದೆ ನಿಲ್ಲಿಸುವುದು! ಅದೇ ದಿನ ಕೊಪ್ಪದ ಹತ್ತಿರದ ನಾರ್ವೆ ಊರಿನ ಮಂಜಪ್ಪಗೌಡರ ಮಗಳ ಮದುವೆ ಇತ್ತು. ಫೋನಿನಲ್ಲಿ ಆಗುವುದಿಲ್ಲ ಎಂದೆ.

"ಎಂತದು ಭಟ್ರೆ, ಅವತ್ತು ಬೇರೆ ಕಡೆ ಒಪ್ಕಂಡ್ರಾ?"

"ಹೌದು ಗೌಡ್ರೆ."

"ಎಷ್ಟು ಎಲೆ?"

"ಎರಡು."

"ಹುಷಾರಾಗಿದೀರಿ ಅಲ್ದಾ?" ಎಂದು ಕೇಳಿ ಗೌಡರು ಫೋನು ಇಟ್ಟರು.

ಸಿ.ಡಿ.ಯ ಡಬ್ಬಿಯ ಹಿಂದೆ ಇಂತಿಷ್ಟು ರ್‍ಯಾಮ್, ಇಂತಿಷ್ಟು ಗ್ರಾಫಿಕ್ಸ್ ಎಂದು ಅಚ್ಚಾಗಿತ್ತು. ಅದನ್ನು ಪಂಚಾಂಗದ ಹಾಳೆಯಲ್ಲಿ ಬರೆದುಕೊಂಡು ಕೊಪ್ಪದ ಯಶವಂತನ ಕಂಪ್ಯೂಟರ್ ಅಂಗಡಿಗೆ ಹೋದೆ. ಕೈಯಲ್ಲಿ ಇಪ್ಪತ್ತೈದು ಸಾವಿರ, ತಲೆಯಲ್ಲಿ ಮಹಾಪಾಕಶಾಸ್ತ್ರ.

"ಇದು ಪ್ರೊಸೆಸರ್ ಭಟ್ರೆ. ಎಲ್ಲ ಲೆಕ್ಕ ಇದೇ ಮಾಡೋದು."

"ಮುಖ್ಯ ಅಡುಗೆಯವನು. ಒಳ್ಳೇದೇ ಕೊಡು."

"ಇದು ರ್‍ಯಾಮ್. ಕೆಲಸ ನಡೀವಾಗ ಎಲ್ಲ ಹರಡಿಕೊಳ್ಳಾಕೆ ಜಾಗ."

"ಹೆಚ್ಚೋ ಮಣೆ! ಹೆಚ್ಚೋ ಮಣೆ ಸಣ್ಣದಾದ್ರೆ ಅಡುಗೆಯವರು ಒಬ್ಬರ ಮೇಲೊಬ್ಬರು ಬೀಳ್ತಾರೆ. ಎರಡು ಹಾಕು."

ಹಾರ್ಡ್ ಡಿಸ್ಕು ಉಗ್ರಾಣವಾಯಿತು. ಗ್ರಾಫಿಕ್ಸ್ ಕಾರ್ಡು ಎಲೆಯ ಮೇಲಿನ ಅಲಂಕಾರವಾಯಿತು. ಯಶವಂತ ಕಣ್ಣರಳಿಸಿ, "ನಮ್ಮ ಗಿರಾಕಿಗಳಲ್ಲಿ ಇಷ್ಟು ಬೇಗ ಅರ್ಥ ಆದದ್ದು ನಿಮಗೇ" ಎಂದ. ನನ್ನ ಎದೆ ಪೂರಿಯಂತೆ ಉಬ್ಬಿತು. ಉಬ್ಬಿದ್ದಾಗಲೇ ಅವನು ಇನ್ನೊಂದು ಭಾರವಾದ ಡಬ್ಬ ತಂದಿಟ್ಟ.

"ಇದು ಎಸ್‌ಎಂಪಿಎಸ್. ಎಲ್ಲದಕ್ಕೂ ಕರೆಂಟು ಹಂಚೋದು ಇದು. ಕ್ಯಾಬಿನೆಟ್ ಜೊತೆ ಒಂದು ಫ್ರೀ ಬರ್ತದೆ, ಆದ್ರೆ ಅದು ಲಡಾಸು. ಈ ಗ್ರಾಫಿಕ್ಸ್ ಕಾರ್ಡಿಗೆ ಒಳ್ಳೇದೇ ಬೇಕು."

"ಅಂದ್ರೆ ಒಲೆಗೆ ಉರಿ ಕೊಡೋದು?"

"ಹ್ಞಾಂ, ಹಂಗೇ ಅಂದ್ಕಳಿ."

"ಅಂದ್ರೆ ಸೌದೆ! ತೆಗಿ, ತೆಗಿ. ಸೌದೆ ನನ್ನ ಪಟ್ಟೀಲಿ ಬರೋದಿಲ್ಲ!"

ಇಲ್ಲಿ ನಮ್ಮ ಕಡೆಯ ಪದ್ಧತಿಯನ್ನು ಹೇಳಲೇಬೇಕು. ಉಪ್ಪಿನಿಂದ ಕೇಸರಿಯವರೆಗೆ ಅಡುಗೆಯವನು ಪಟ್ಟಿ ಕೊಡುತ್ತಾನೆ. ಆದರೆ ಸೌದೆ, ನೀರು ಮದುವೆ ಮನೆಯ ಯಜಮಾನನ ಜವಾಬ್ದಾರಿ. ಅದನ್ನು ಪಟ್ಟಿಯಲ್ಲಿ ಬರೆದರೆ ಅಡುಗೆಯವನಿಗೇ ಅವಮಾನ! ಇಪ್ಪತ್ತು ವರ್ಷದಲ್ಲಿ ನಾನು ಒಂದು ಸೀಳು ಸೌದೆಯನ್ನೂ ಬರೆದವನಲ್ಲ. ಯಶವಂತ ನನ್ನ ಪಂಚಾಂಗದ ಹಾಳೆಯಲ್ಲೇ ಬಿಡಿಭಾಗಗಳನ್ನು ಒಂದೊಂದಾಗಿ ಬರೆಯುತ್ತ ಬಂದಿದ್ದ; ನನ್ನ ಕೈ ತಾನೇ ಎಸ್‌ಎಂಪಿಎಸ್ ಮೇಲೆ ಗೆರೆ ಎಳೆಯಿತು.

"ಭಟ್ರೆ, ಆಮೇಲೆ ನನ್ನ ಮೇಲೆ ಹೇಳಬ್ಯಾಡಿ."

"ಫ್ರೀ ಇದೆಯಲ್ಲ, ಅದೇ ಸಾಕು. ಉಳಿದ ದುಡ್ಡಿಗೆ ಅದು ಎಂತ, ಅಲ್ಲಿ ಮೇಲೆ?"

ಅದು ಕಂಪ್ಯೂಟರಿಗೆ ಸಿಕ್ಕಿಸುವ ಸ್ಟಿಯರಿಂಗು! ಥೇಟ್ ಕಾರಿನದೇ! ಇಡ್ಲಿ ಪಾತ್ರೆಯ ಮುಚ್ಚಳದಷ್ಟೇ ದೊಡ್ಡದು. ಅದನ್ನು ನೋಡಿದ ಮೇಲೆ ಯಾವ ಗಂಡಸಿಗೆ ಸೌದೆ ನೆನಪಾಗುತ್ತದೆ ಹೇಳಿ?

ಯಶವಂತ ಜೋಡಿಸಿಕೊಟ್ಟದ್ದನ್ನೆಲ್ಲ ಅನ್ನದ ಕೊಪ್ಪರಿಗೆಯೊಳಗೆ ಇಟ್ಟು, ಮೇಲೆ ಜಾಲರಿ ಮುಚ್ಚಿ, ನನ್ನ ವ್ಯಾನಿನಲ್ಲಿ ಶೃಂಗೇರಿಗೆ ತಂದೆ. ಸುಂದರಿ ನೋಡಿದಳು, ಎಂದಿನಂತೆ ಪಾತ್ರೆ ವಾಪಸು ಬಂತು ಎಂದುಕೊಂಡಳು.

ಆ ದಿನ ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಜಗಲಿಯ ಮೇಜಿನ ಮೇಲೆ ಕಂಪ್ಯೂಟರು ಪ್ರತಿಷ್ಠಾಪನೆಯಾಗಿತ್ತು. ಸ್ಟಿಯರಿಂಗಿಗೆ ಮಲ್ಲಿಗೆಯ ದಂಡೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಇವತ್ತು ನೀವು ಮನೇಲೇ ಇರ್ತೀರಾ?"

ಇಪ್ಪತ್ತೈದು ಸಾವಿರದ ಸಾಮಾನು ಮುಂದಿದೆ, ಇವಳು ಕೇಳಿದ್ದು ಅದು! ನಾನು ಕೆಮ್ಮಿ, "ಹ್ಞೂಂ, ಸಿ.ಡಿ. ಹಾಕು" ಎಂದೆ.

ಪರದೆಯ ಮೇಲೆ ಕೆಂಪು ಕಾರು ಗುಡುಗಿತು. ಸುಂದರಿ ಸೆರಗು ಸಿಕ್ಕಿಸಿ ಕೂತಳು. ಮೂರು, ಎರಡು, ಒಂದು, ಹೊರಟಿತು! ನೇರ ರಸ್ತೆ, ಆಹಾ! ಮೊದಲ ತಿರುವು ಬಂತು. ಫಕ್! ಪರದೆ ಕಪ್ಪು. ಕಂಪ್ಯೂಟರು ಉಸಿರೇ ನಿಲ್ಲಿಸಿತು.

ಮತ್ತೆ ಹಚ್ಚಿದೆವು. ಅದೇ ತಿರುವು, ಅದೇ ಫಕ್! ರ್‍ಯಾಮ್ ಕಿತ್ತು ಒರೆಸಿ ಹಾಕಿದೆ. ಡಬ್ಬದ ಪಕ್ಕ ಬಿಚ್ಚಿ ಬೀಸಣಿಗೆಯಲ್ಲಿ ಗಾಳಿ ಹಾಕಿದೆ. ಫಕ್! ಪಕ್ಕದ ಮನೆಯ ಕಮಲಕ್ಕ ಸದ್ದು ಕೇಳಿ ಬಂದು, ದೃಷ್ಟಿ ತಾಗಿದೆ ಎಂದು ಮೆಣಸಿನಕಾಯಿ ಇಳಿ ತೆಗೆಯಲು ಸೂಚಿಸಿದರು. ಅದನ್ನೂ ಮಾಡಿದೆ. ಘಾಟಿಗೆ ನಾವು ಮೂವರೂ ಸೀನಿದೆವು, ಕಂಪ್ಯೂಟರೊಂದು ಬಿಟ್ಟು.

"ಬೀದೀಲಿ ಕರೆಂಟು ಸಾಲ್ತಿಲ್ಲ, ಅದೇ ಕಾರಣ!" ಎಂದು ಘೋಷಿಸಿದೆ. ನಮ್ಮ ಮನೆಯ ಫ್ರಿಜ್ಜು ಆರಿಸಿದೆ, ಕಮಲಕ್ಕನ ಮಿಕ್ಸಿ ನಿಲ್ಲಿಸಿದೆ. ಆಮೇಲೆ ಪಂಚೆ ಎತ್ತಿ ಕಟ್ಟಿ ಮನೆಮನೆಗೆ ಹೋಗಿ, "ಐದೇ ನಿಮಿಷ, ಎಲ್ಲ ಆರಿಸಿ, ನಮ್ಮನೆ ಕಾರು ತಿರುವಲ್ಲಿ ನಿಂತಿದೆ" ಎಂದು ಕೈಮುಗಿದೆ. ಒಂದು ಮನೆಯಲ್ಲಿ ದೋಸೆ ಹಿಟ್ಟು ಗ್ರೈಂಡರಿನಲ್ಲೇ ಅರ್ಧಕ್ಕೆ ನಿಂತಿತು, ಇನ್ನೊಂದರಲ್ಲಿ ಧಾರಾವಾಹಿಯ ಸೊಸೆ ಬಾಯಿ ತೆರೆದಾಗಲೇ ಮಾಯವಾದಳು. ಕಾರು ಎಲ್ಲಿ ನಿಂತಿದೆ ಎಂದು ನೋಡಲು ಇಡೀ ಬೀದಿ ನಮ್ಮ ಜಗಲಿಗೆ ಬಂತು! ಮೂವತ್ತು ಜನ ಉಸಿರು ಬಿಗಿಹಿಡಿದರು. ಸುಂದರಿ ಸ್ಟಿಯರಿಂಗ್ ಹಿಡಿದಳು. ತಿರುವು ಬಂತು.

ಫಕ್!

"ಅಯ್ಯೋ!" ಎಂದರು ಮೂವತ್ತೂ ಜನ.

ಅವಳು ಸಿಟ್ಟಾಗಲಿಲ್ಲ. ಅದೇ ಕಷ್ಟ. ಸ್ಟಿಯರಿಂಗಿನ ಮಲ್ಲಿಗೆಯನ್ನು ನಿಧಾನಕ್ಕೆ ಸರಿಮಾಡಿ, "ಹೋಗ್ಲಿ ಬಿಡಿ, ನೀವು ಮನೇಲಿದ್ರಲ್ಲ, ಅಷ್ಟೇ ಸಾಕು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ! ನನ್ನ ಮುಖ ಸೀದ ಪಾಯಸದಂತಾದದ್ದು ಕಂಡು ಅವಳು ಕೈಚಾಚಿದಳು. "ಎಲ್ಲಿ, ಪಟ್ಟಿ ಕೊಡಿ."

ಪಂಚಾಂಗದ ಹಾಳೆಯನ್ನು ಕೊಟ್ಟೆ. ನಿಶ್ಚಿತಾ ಮೇಡಂ ಒಂದು ದಿನ ಡಬ್ಬ ಬಿಚ್ಚಿ ಎಲ್ಲವನ್ನೂ ತೋರಿಸಿದ್ದರಂತೆ. ಇವಳ ಬೆರಳು ಸಾಲುಸಾಲಾಗಿ ಇಳಿದು, ಗೆರೆ ಎಳೆದಲ್ಲಿ ನಿಂತಿತು.

"ಎಸ್‌ಎಂಪಿಎಸ್ ಎಂತಕ್ಕೆ ಹೊಡೆದು ಹಾಕಿದ್ರಿ? ಕಾರ್ಡಿಗೆ ಕರೆಂಟು ಸಾಲ್ದೆ ಆರ್‍ತಿರೋದು ಇದು. ಬೀದೀದಲ್ಲ, ಡಬ್ಬದೊಳಗಿಂದು."

"ಅದು... ಅದು ಸೌದೆ ಕಣೇ."

"ಹಂಗಂದ್ರೆ?"

"ಸೌದೆ ಅಡುಗೆಯವ ತರೋ ಪದ್ಧತಿ ಇಲ್ಲ. ಮನೆ ಯಜಮಾನ ತರ್ಬೇಕು."

ಸುಂದರಿ ನನ್ನ ಮುಖವನ್ನೇ ನೋಡುತ್ತ ಮೆತ್ತಗೆ ಕೇಳಿದಳು:

"ಇದು ಯಾರ ಮನೆ?"

ಮೊದಲು ನಕ್ಕದ್ದು ಕಮಲಕ್ಕ. ಆಮೇಲೆ ಬೀದಿಗೆ ಬೀದಿಯೇ! ನಗದೆ ಇದ್ದವನು ನಾನೊಬ್ಬನೇ. ಇಪ್ಪತ್ತು ವರ್ಷ ಸಾವಿರ ಮನೆಗಳ ಯಜಮಾನರಿಗೆ ಜವಾಬ್ದಾರಿ ನೆನಪಿಸಿದವನಿಗೆ, ತನಗೂ ಒಂದು ಮನೆ ಇದೆ ಎಂಬುದು ಮರೆತೇಹೋಗಿತ್ತು.

ಕೊಪ್ಪಕ್ಕೆ ಫೋನು ಮಾಡಿದೆ. "ನಿಮ್ಮ ಎಸ್‌ಎಂಪಿಎಸ್ ಎತ್ತಿಟ್ಟೇ ಇದೀನಿ ಭಟ್ರೆ, ಇಷ್ಟು ತಡ ಎಂತಕ್ಕಾಯ್ತು?" ಎಂದ ಯಶವಂತ. ವ್ಯಾನು ಹೊರಡಿಸಿದೆ. ಮುಂದಿನ ಸೀಟಿನಲ್ಲಿ ಯಾವಾಗಲೂ ಕೂರುವ ಸೌಟುಗಳ ಮೂಟೆಯನ್ನು ಹಿಂದಕ್ಕೆ ಎಸೆದು ಸುಂದರಿ ಹತ್ತಿ ಕೂತಳು. ಪ್ರತಿ ತಿರುವಿನಲ್ಲೂ, "ನಾನಾಗಿದ್ರೆ ಇಲ್ಲಿ ಗೇರ್ ಇಳಿಸ್ತಿದ್ದೆ" ಎನ್ನುತ್ತಿದ್ದಳು.

ಕೊಪ್ಪದಲ್ಲಿ ಎಸ್‌ಎಂಪಿಎಸ್ ಕೈಗೆ ಬರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಮೂರು ತಾಲೂಕಿನ ಅಡುಗೆಯವನ ಮನೆಯಲ್ಲಿ ಆ ದಿನ ಒಲೆಯನ್ನೇ ಹಚ್ಚಿರಲಿಲ್ಲ! ಹೊಟ್ಟೆ ಕೂಗುತ್ತಿತ್ತು. ಇಬ್ಬರಿಗೂ ಒಟ್ಟಿಗೇ ನಾರ್ವೆ ನೆನಪಾಯಿತು. ಗೌಡರು ಚಪ್ಪರದ ಬಾಗಿಲಲ್ಲೇ ಕೈಹಿಡಿದು ಪಂಕ್ತಿಗೆ ಕರೆದೊಯ್ದರು. ಯಾರೋ ಮಾಡಿದ ಅಡುಗೆಯನ್ನು ನಾವಿಬ್ಬರೂ ಅಕ್ಕಪಕ್ಕ ಕೂತು ಉಂಡದ್ದು ನಮ್ಮ ಮದುವೆಯ ದಿನ ಬಿಟ್ಟರೆ ಅದೇ ಮೊದಲು. ಸಾರಿಗೆ ಉಪ್ಪು ತುಸು ಮುಂದಾಗಿತ್ತು. ಎದ್ದು ಒಲೆಯ ಕಡೆ ಹೋಗಲು ಮಂಡಿ ಎತ್ತಿದೆ.

"ಸುಮ್ನೆ ಕೂತ್ಕಳಿ. ಇವತ್ತು ನೀವು ನೆಂಟರು," ಎಂದು ಸುಂದರಿ ನನ್ನ ಪಂಚೆಯ ಅಂಚನ್ನು ಹಿಡಿದಳು.

ಅಷ್ಟರಲ್ಲಿ ಗೌಡರು ಬಂದು ಎದೆ ತಟ್ಟಿಕೊಂಡರು. "ಅಡುಗೆ ಹೆಂಗೇ ಆಗಿರ್ಲಿ ಭಟ್ರೆ, ಸೌದೆ ನೋಡಿದ್ರಾ? ಎಲ್ಲ ನಾನೇ ನಿಂತು ಒಡೆಸಿದ್ದು. ಮನೆ ಯಜಮಾನ ಅಂದ ಮೇಲೆ ಅಷ್ಟೂ ಮಾಡ್ದೆ ಇದ್ರೆ ಹೆಂಗೆ?"

ಸುಂದರಿಗೆ ಪಾಯಸ ನೆತ್ತಿಗೇರಿತು. ಬೆನ್ನು ತಟ್ಟುವ ಕೆಲಸವನ್ನು ನಾನೇ ಮಾಡಬೇಕಾಯಿತು.

ಮನೆಗೆ ಬಂದು, ಮೇಡಂ ತೋರಿಸಿದ್ದಂತೆ ಸುಂದರಿಯೇ ಡಬ್ಬ ಬಿಚ್ಚಿ ಹೊಸದನ್ನು ಕೂರಿಸಿದಳು. ಸಂಜೆ ಐದಕ್ಕೆ ಕೆಂಪು ಕಾರು ಆ ತಿರುವನ್ನು ದಾಟಿತು! ಬೀದಿಯ ಎಲ್ಲ ಮನೆಯಲ್ಲೂ ಲೈಟು ಉರಿಯುತ್ತಿದ್ದಾಗಲೇ ದಾಟಿತು. ಸುಂದರಿ ನಾಲಿಗೆ ಕಚ್ಚಿಕೊಂಡು ಸ್ಟಿಯರಿಂಗ್ ತಿರುವುತ್ತಿದ್ದಳು, ಪಕ್ಕದ ಸ್ಟೂಲಿನಲ್ಲಿ ಕೂತ ನಾನು ಪ್ರತಿ ತಿರುವಿಗೂ ನೆಲಕ್ಕೆ ಬ್ರೇಕು ಒತ್ತುತ್ತಿದ್ದೆ. ಕಮಲಕ್ಕ ಚಪ್ಪಾಳೆ ತಟ್ಟಿದರು. ನಾನು ತೋಳಿನಿಂದ ಮುಖ ಒರೆಸಿಕೊಂಡೆ. ಬೆಳಗಿನ ಮೆಣಸಿನಕಾಯಿ ಘಾಟು, ಇನ್ನೂ ಹೋಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಯಾರೋ ಮುಂದಿನ ವೈಶಾಖಕ್ಕೆ ಅಡುಗೆ ಗೊತ್ತುಮಾಡಲು ಬಂದರು. ತಾರೀಖು ಬರೆದುಕೊಳ್ಳಲು ನನ್ನ ಡೈರಿ ತೆಗೆದೆ. ನಮ್ಮ ಮದುವೆಯ ದಿನದ ಎದುರು, ದುಂಡಗಿನ ಅಕ್ಷರದಲ್ಲಿ, ಯಾರೋ ನನಗಿಂತ ಮೊದಲೇ ಬರೆದಿದ್ದರು:

"ಮನೆ: ತ್ರಿಪುರಸುಂದರಿಯವರದು. ಎಲೆ: ಎರಡು. ಸೌದೆಯನ್ನು ಅಡುಗೆಯವರೇ ತರತಕ್ಕದ್ದು."