ಟಬ್ಬಿನ ಕಟ್ಟೆಗೆ ನಾನು ಮರ ಆರಿಸಿದ್ದು

ಮರ ಆರಿಸುವ ಕೆಲಸಕ್ಕೆ ಈ ಮನೆಯಲ್ಲಿ ನಾನಲ್ಲದೆ ಇನ್ನೊಬ್ಬರು ಕೈ ಹಾಕಕೂಡದು ಎಂದು ಅಪ್ಪಣೆ ಹೊರಡಿಸಿಬಿಟ್ಟೆ! ನನ್ನ ಓದು ಎರಡನೇ ತರಗತಿಗೇ ಮುಗಿದಿತ್ತು, ನಿಜ. ಆದರೆ ತಾಳ್ಮೆಯಲ್ಲಿ ನಾನು ಯಾವ ಪದವೀಧರರಿಗೂ ಕಡಿಮೆಯಿಲ್ಲ.

ಸಂಗತಿ ಇಷ್ಟೇ. ನನ್ನ ಮಂಡಿಗಳು ಕೈಕೊಟ್ಟಿವೆ. ಬಚ್ಚಲಿನ ಗಿಡ್ಡ ಸ್ಟೂಲಿನಿಂದ ಏಳಬೇಕಾದರೆ ಸೊಸೆಯನ್ನು ಕೂಗಬೇಕು. ಮೈಮೇಲೆ ನೂಲಿಲ್ಲದೆ ದಿನಾ ಸೊಸೆಯನ್ನು ಕೂಗುವ ಅವಸ್ಥೆ ಯಾವ ಅತ್ತೆಗೂ ಬೇಡ! ಅದಕ್ಕೇ ಮಗ ಟಬ್ ತಂದ. ಅದರ ಸುತ್ತ ಅಗಲವಾದ ಮರದ ಕಟ್ಟೆ ಮಾಡಿಸಿದರೆ, ಅದರ ಮೇಲೆ ಕೂತು, ಒಂದೊಂದೇ ಕಾಲು ಒಳಗಿಟ್ಟು, ಯಾರನ್ನೂ ಕರೆಯದೆ ಮಿಂದು ಬರಬಹುದು.

ಬಡಗಿ ಅಂಗೈ ಅಗಲದ ಆರು ತುಂಡು ತಂದುಕೊಟ್ಟ. ಮೂರು ತೇಗ, ಮೂರು ಪೈನ್. ಎರಡು ಜಾತಿಯಲ್ಲೂ ಒಂದಕ್ಕೆ ಎಣ್ಣೆ, ಒಂದಕ್ಕೆ ಮೇಣ, ಒಂದಕ್ಕೆ ವಾರ್ನಿಷ್.

"ತೇಗಕ್ಕೆ ಎಣ್ಣೆ ಕುಡಿಸಿಬಿಡ್ತೀನಮ್ಮ. ಕಣ್ಣು ಮುಚ್ಕೊಂಡು ಹೂಂ ಅನ್ನಿ."

"ಐವತ್ತು ವರ್ಷದ ಹಿಂದೆ ಒಬ್ಬರಿಗೆ ಹಾಗೇ ಹೂಂ ಅಂದಿದ್ದೆ. ಒಂದ್ಸಲ ಸಾಕಪ್ಪ!"

ಪ್ರತಿ ತುಂಡಿಗೂ ಒಂದೊಂದು ಬಣ್ಣದ ದಾರ ಕಟ್ಟಿ ಗುರುತಿಟ್ಟುಕೊಂಡೆ. ಬೆಳಿಗ್ಗೆ ಬಕೆಟ್ಟಿನ ಸೋಪುನೀರು, ಸಂಜೆ ಗಾಳಿ. ಹೀಗೆ ಇಪ್ಪತ್ತೊಂದು ದಿನ. ಅಷ್ಟೂ ದಿನ ಟಬ್ಬು ನಡುಮನೆಯಲ್ಲಿ ಹಡಗಿನಂತೆ ಲಂಗರು ಹಾಕಿತ್ತು.

"ಅಮ್ಮಾ, ನೀನು ಮರ ಆರಿಸ್ತಿದ್ದೀಯೋ, ಬೆಳೆಸ್ತಿದ್ದೀಯೋ?" ಎಂದ ಅದಕ್ಕೆ ಎಡವಿದ ಮಗ.

"ಒಗೆದ ಬಟ್ಟೆಗಳಿಗೆ ಅದೇ ತವರುಮನೆ ಆಗಿದೆ ಅತ್ತೆ. ಇನ್ನು ಎಬ್ಬಿಸಿದ್ರೆ ಅಳ್ತವೆ" ಎಂದಳು ಸೊಸೆ.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ದಿನಗಳಲ್ಲೇ ಸ್ಟೂಲಿನ ಮೇಲೆ ಕೂತರೆ ಯಾಕೋ ಒಂದು ಪಕ್ಕಕ್ಕೆ ವಾಲುತ್ತಿದ್ದೆ. ಮಂಡಿಯಾಯಿತು, ಇನ್ನು ಸೊಂಟದ ಸರದಿ ಎಂದುಕೊಂಡೆ.

ಇಪ್ಪತ್ತೆರಡನೇ ದಿನ ನೋಡುತ್ತೇನೆ, ಐದು ತುಂಡುಗಳು ಒಂದಲ್ಲ ಒಂದು ರೀತಿ ಸೊರಗಿವೆ. ಕಪ್ಪು ದಾರದ್ದು ಮಾತ್ರ ಕಲ್ಲಿನಂತಿದೆ! ಕಪ್ಪು ಎಂದರೆ ಪೈನ್, ಮೇಣ. ಬಡಗಿಗೆ ಫೋನ್ ಮಾಡಿ ತೀರ್ಪು ಓದಿದೆ.

"ಪೈನಾ? ಬಚ್ಚಲಿಗಾ? ಅಮ್ಮ, ಸ್ವಲ್ಪ ಯೋಚನೆ ಮಾಡಿ."

"ಇಪ್ಪತ್ತೊಂದು ದಿನ ಮಾಡಿದ್ದೀನಿ. ನೀನು ಹಲಗೆ ಕೊಯ್ಯಿ!"

ಕಟ್ಟೆಯಾಯಿತು. ತಿಂಗಳೊಳಗೆ ಹಲಗೆ ನೀರು ಕುಡಿದು ಬಿಲ್ಲಿನಂತೆ ಬಾಗಿತು. ಒಂದು ಬೆಳಿಗ್ಗೆ ನಾನು ಅದರ ಮೇಲೆ ಕೂತದ್ದೊಂದೇ ನೆನಪು. ಮರುಕ್ಷಣ ಟಬ್ಬಿನೊಳಗೆ ಅಂಗಾತ, ಕಾಲೆರಡೂ ಆಕಾಶಕ್ಕೆ! ಯಾರನ್ನು ಕೂಗಿದೆ? ಸೊಸೆಯನ್ನೇ.

ಬಡಗಿ ಬಂದ. ಕಪ್ಪು ದಾರದ ಸಾಕ್ಷಿಯನ್ನು ಅವನ ಕೈಗಿಟ್ಟೆ. ಅವನು ತಿರುಗಿಸಿ, ಉಗುರಿನಿಂದ ಕೆರೆದು, ಮೂಸಿ ನೋಡಿದ.

"ಅಮ್ಮ, ಇದು ನಾನು ಕೊಟ್ಟಿದ್ದೇ ಅಲ್ಲ. ಹಳೇ ಕಾಲದ ತೇಗ ಇದು."

ಸೊಸೆಯ ಮುಖ ಸಣ್ಣದಾಯಿತು. "ಮೂರನೇ ದಿನ ಬಚ್ಚಲು ತೊಳೀವಾಗ ಬಕೆಟ್ ಮಗುಚಿತು ಅತ್ತೆ. ಕಪ್ಪು ದಾರ ಬಿಚ್ಚಿಹೋಗಿತ್ತು. ಸ್ಟೂಲನ್ನೂ ಸರಿಸಿದ್ದೆ. ಅದು ಕುಂಟದೇ ಇರ್ಲಿ ಅಂತ ಕಾಲಡಿ ಇಟ್ಟಿದ್ದ ಹಳೇ ತುಂಡು ಯಾವ್ದು, ಬಕೆಟ್ಟಿಂದು ಯಾವ್ದು, ತಿಳೀಲಿಲ್ಲ. ಒಂದಕ್ಕೆ ದಾರ ಕಟ್ಟಿ, ಇನ್ನೊಂದನ್ನ ಸ್ಟೂಲಿನ ಕೆಳಗೆ ತುರುಕಿದೆ."

"ಆಗಲೇ ಹೇಳೋದಲ್ವೇನೇ?"

"ಹೇಳಿದ್ರೆ ಮತ್ತೆ ಒಂದರಿಂದ ಶುರು ಮಾಡ್ತಿದ್ರಿ!"

ಅದೂ ಸುಳ್ಳಲ್ಲ. ಹೋಗಿ ನೋಡಿದರೆ, ಸ್ಟೂಲಿನ ಕೆಳಗೆ ಅಸಲಿ ಪೈನ್ ತುಂಡು ಬನ್ನಿನಂತೆ ಊದಿಕೊಂಡು ಕೂತಿತ್ತು. ನನ್ನ ಸೊಂಟದ ತಪ್ಪೇನೂ ಇರಲಿಲ್ಲ. ದಿನಾ ದಾರ ನೋಡಿದೆನೇ ಹೊರತು ನಾನು ಮರ ನೋಡಿರಲಿಲ್ಲ.

"ಈ ತೇಗದ ತುಂಡು ಆರಿಸಿದವರು ಯಾರಮ್ಮ? ಮರ ಬಲ್ಲವರು!" ಎಂದ ಬಡಗಿ.

ಯಾರು ಎಂದು ಹೇಳಲಿ? ಮದುವೆಯಾದ ಹೊಸದರಲ್ಲಿ ಕುಂಟುತ್ತಿದ್ದ ಸ್ಟೂಲಿನ ಕಾಲಡಿ ಅದನ್ನು ಇಟ್ಟವರು ನಮ್ಮ ಯಜಮಾನರು. "ಒಂದು ಸ್ಟೂಲ್ ನೆಟ್ಟಗೆ ನಿಲ್ಲಿಸೋಕೂ ಬರಲ್ಲ ನಿಮಗೆ" ಎಂದು ಅವರು ಇದ್ದಷ್ಟು ದಿನವೂ ಅಂದವಳು ನಾನು. ಐವತ್ತು ವರ್ಷ ಸೋಪುನೀರಿನಲ್ಲಿ ನೆಂದರೂ ಅದು ಊದಲಿಲ್ಲ, ಸೀಳಲಿಲ್ಲ, ಎದುರು ಮಾತೂ ಆಡಲಿಲ್ಲ.

ತುಂಡನ್ನು ಒರೆಸಿ ಸ್ಟೂಲಿನ ಕಾಲಡಿಗೇ ವಾಪಸ್ ಇಟ್ಟೆ. ಹೊಸ ಕಟ್ಟೆ ಆಗುವವರೆಗೆ ಅದೇ ಗತಿ.

"ಹಾಗಾದ್ರೆ ತೇಗ, ಎಣ್ಣೆ. ಆಗ್ಬಹುದಾಮ್ಮ?" ಎಂದ ಬಡಗಿ.

ಕಣ್ಣು ಮುಚ್ಚಿಕೊಂಡೆ. ಹೂಂ ಅಂದೆ.