ಮಹಡಿಯ ಮೇಲಿನ ಫಾರಿನ್

ತಾನಿಲ್ಲದೆ ಮಗು ಇರುತ್ತದೆಯೇ ಎಂಬ ಚಿಂತೆ ಒದ್ದೆ ಬಟ್ಟೆಯ ಹಾಗೆ ಅವಳ ಮೈಗೆ ಅಂಟಿಕೊಂಡಿತ್ತು. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವುದು ಅವಳ ಉದ್ಯೋಗ. "ಉಸಿರು ಬಿಗಿಹಿಡೀರಿ, ಅಲ್ಲಾಡಬೇಡಿ" ಎಂದು ದಿನವಿಡೀ ಊರವರಿಗೆಲ್ಲ ಹೇಳಿ, ತಾನೂ ಹಿಡಿದ ಉಸಿರನ್ನು ಬಿಡಲು ಮರೆತವಳಂತೆ ಮನೆಗೆ ಬರುತ್ತಿದ್ದಳು.

ಸಮುದ್ರದಾಚೆಯ ಆಸ್ಪತ್ರೆಯೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ಕರೆದದ್ದು ಒಂದೇ ಆಸ್ಪತ್ರೆ, ವೀಸಾ ಮಾತ್ರ ಎರಡು ಬಗೆ. ಒಂದರಲ್ಲಿ ಕೂಡಲೇ ವಿಮಾನ ಹತ್ತಬಹುದು. ಆದರೆ ಎರಡು ವರ್ಷ ಒಬ್ಬಳೇ ಇರಬೇಕು. ಇನ್ನೊಂದರಲ್ಲಿ ಸಂಸಾರವೂ ಜೊತೆಗೆ ಬರಬಹುದು. ಆದರೆ ಅದು ಕೈಗೆ ಬರುವಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರಲೂಬಹುದು. ಯಾವುದೆಂದು ಸೋಮವಾರ ಕೆಲಸ ಕೊಡಿಸುವ ಏಜೆನ್ಸಿಗೆ ಫೋನ್ ಮಾಡಿ ತಿಳಿಸಬೇಕಿತ್ತು.

"ನಾನಿಲ್ದೆ ಗುಬ್ಬಿ ಇರಲ್ಲ ಕಣ್ರೀ. ನನ್ನ ಕೂದಲು ಹಿಡ್ಕೊಂಡ್ರೇನೇ ಅದಕ್ಕೆ ನಿದ್ದೆ." (ಗುಬ್ಬಿ ಎಂದರೆ ಮಗಳು. ವರ್ಷ ಇನ್ನೂ ತುಂಬಿಲ್ಲ. ದನಿ ಮಾತ್ರ ಗುಬ್ಬಿಯದಲ್ಲ.)

ಲಿಫ್ಟ್ ರಿಪೇರಿ ಮಾಡುವ ಗಂಡ ಯೋಚಿಸಿ ಹೇಳಿದ: "ಹೊಸ ಲಿಫ್ಟಿಗೆ ಜನ ಹತ್ತೋ ಮುಂಚೆ ಮರಳಿನ ಮೂಟೆ ಹಾಕಿ ಓಡಿಸಿ ನೋಡ್ತೀವಿ. ನೀನೂ ಶನಿವಾರ, ಭಾನುವಾರ ಮಹಡಿ ರೂಮಲ್ಲಿದ್ದು ನೋಡು. ಅದೇ ಫಾರಿನ್ ಅಂದ್ಕೋ."

"ಅಂದ್ರೆ ನಾನು ಮರಳಿನ ಮೂಟೆನಾ?"

"ಹೋಲಿಕೆಗೆ ಹೇಳ್ದೆ ಕಣೆ!"

ಶನಿವಾರ ಬೆಳಿಗ್ಗೆ ದಿಂಬು, ನೀರಿನ ಬಾಟಲಿ, ಚಾರ್ಜರ್ ಸಮೇತ ಅವಳ ಮಹಾಪ್ರಸ್ಥಾನ ನಡೆಯಿತು. ಅತ್ತೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲ ಬುಡದಲ್ಲಿ ಸ್ಟೂಲು ಹಾಕಿ ಕೂತರು. ಅದೇ ದೇಶದ ಗಡಿ.

ಮಧ್ಯಾಹ್ನದ ಹೊತ್ತಿಗೆ ಅವಳು ಮೆಲ್ಲಗೆ ಇಳಿದು ಬಂದಳು. "ಬಾಚಣಿಗೆ ಮರ್ತಿದ್ದೆ ಅತ್ತೆ."

"ಬಾಚಣಿಗೆಗೆ ಅಂತ ಯಾರಾದ್ರೂ ಫಾರಿನ್ನಿಂದ ಬರ್ತಾರೇನೇ? ಹತ್ತು ಮೇಲೆ!"

ಗಡೀಪಾರಾಯಿತು. ಮೇಲಿನಿಂದ ವಿಡಿಯೋ ಕಾಲ್ ಮಾಡಿದಳು. ಗುಬ್ಬಿ ತೆರೆಯ ಮೇಲಿನ ಅಮ್ಮನ ಮೂಗನ್ನು ಒಮ್ಮೆ ನೆಕ್ಕಿತು. ರುಚಿಸಲಿಲ್ಲವೆಂಬಂತೆ ಅಜ್ಜಿಯ ಕನ್ನಡಕದ ಡಬ್ಬಿಯತ್ತ ಅಂಬೆಗಾಲಿಕ್ಕಿತು.

"ಅಳಲಿಲ್ವಾ ಅತ್ತೆ?"

"ಇಲ್ಲಮ್ಮ."

"ಸ್ವಲ್ಪಾನೂ?"

"ನನ್ನ ಸೆರಗು ಹಿಡ್ಕೊಂಡು ಒಂದು ನಿದ್ದೆನೂ ತೆಗೀತು."

ಸಂತೋಷದ ಸುದ್ದಿಯೇ. ಕೇಳಿ ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಆ ದಿನ ಆ ಮನೆಯಲ್ಲಿ ಅತ್ತ ಜೀವ ಒಂದೇ, ಅದಕ್ಕೆ ಹಲ್ಲೆಲ್ಲ ಬಂದಿದ್ದವು.

ಭಾನುವಾರ ಬೆಳಿಗ್ಗೆ ಕೆಳಗಿನಿಂದ ಸೂರು ಹಾರುವಂಥ ಅಳು ಕೇಳಿಸಿತು. ಅವಳ ಎದೆ ಅರಳಿತು. (ಹೆತ್ತ ತಾಯಿ ಮಗುವಿನ ಅಳುವಿಗೆ ಹಿಗ್ಗುವುದು ಪಾಪ. ಆದರೂ ಹಿಗ್ಗಿದಳು.) ಮೆಟ್ಟಿಲು ಹಾರಿ ಬಂದರೆ ಗಡಿಯಲ್ಲಿ ಯಾರೂ ಇಲ್ಲ. ಗುಬ್ಬಿ ಸ್ನಾನದ ಮನೆಯ ಬಾಗಿಲನ್ನು ಪುಟ್ಟ ಕೈಯಿಂದ ಬಡಿಯುತ್ತಿತ್ತು. ಗಂಡ ಪಕ್ಕದಲ್ಲಿ ಗಿಲಕಿ ಹಿಡಿದು ಸೋತು ನಿಂತಿದ್ದ. ಅವಳು ಎತ್ತಿಕೊಂಡರೆ ಮಗು ಮೀನಿನಂತೆ ನುಲಿಯಿತು. ಬಾಗಿಲು ತೆರೆಯಿತು. ತಲೆಗೆ ಟವೆಲ್ ಸುತ್ತಿಕೊಂಡ ಅತ್ತೆ ಹೊರಬಂದದ್ದೇ ತಡ, ಗುಬ್ಬಿ ಅವರ ತೋಳಿಗೆ ಹಾರಿ ಸ್ವಿಚ್ ಆರಿಸಿದಂತೆ ಸುಮ್ಮನಾಯಿತು.

"ನೀನು ನೆಮ್ಮದಿಯಾಗಿ ಹೋಗ್ಬಾಮ್ಮ, ನಾನಿದ್ದೀನಲ್ಲ" ಎಂದರು ಅತ್ತೆ. ಚುಚ್ಚಿ ಆಡಿದ್ದರೆ ಜಗಳವಾದರೂ ಕಾಯಬಹುದಿತ್ತು. ಚುಚ್ಚಿರಲಿಲ್ಲ.

ಸೋಮವಾರ ಯಾರೂ ಒಳಬರದಂತೆ ಎಕ್ಸ್-ರೇ ಕೋಣೆಯ ಹೊರಗೆ ಕೆಂಪು ದೀಪ ಉರಿಸಿ (ಒಳಗೆ ರೋಗಿ ಯಾರೂ ಇರಲಿಲ್ಲ) ಅವಳು ಏಜೆನ್ಸಿಗೆ ಫೋನ್ ಹಚ್ಚಿದಳು.

"ಸಂಸಾರ ಬರೋ ವೀಸಾನೇ ಮಾಡಿಸಿ ಮೇಡಂ."

"ಕೆಲಸ ಕೈತಪ್ಪಬಹುದು, ಗೊತ್ತಲ್ಲ? ಯಾಕೆ, ಮಗು ಬಿಟ್ಟಿರಲ್ವಾ?"

"ಬಿಟ್ಟಿರುತ್ತೆ. ಚೆನ್ನಾಗೇ ಬಿಟ್ಟಿರುತ್ತೆ. ನನ್ನ ಕೈಲೇ ಆಗಲ್ಲ."

ಆ ಕಡೆ ಕಂಪ್ಯೂಟರ್ ಟಕಟಕ ಎಂದಿತು. "ಸರಿ. ಗಂಡ, ಮಗು. ಅಷ್ಟೇ ತಾನೆ?"

ಹೂಂ ಎನ್ನಲು ಬಾಯಿ ತೆರೆದವಳಿಗೆ ಸ್ನಾನದ ಮನೆಯ ಬಾಗಿಲು ಕಣ್ಣೆದುರು ಬಂತು.

"ಮೇಡಂ... ಅದರಲ್ಲಿ ಅತ್ತೆನೂ ಬರಬಹುದಾ?"

ಟಕಟಕ ನಿಂತಿತು.

"ಇಲ್ಲಮ್ಮ, ಗಂಡ ಮಕ್ಕಳು ಮಾತ್ರ. ಅತ್ತೆ ಬರದೇ ಇರೋ ವೀಸಾ ಯಾವುದು ಅಂತ ಕೇಳೋರನ್ನ ದಿನಾ ನೋಡ್ತೀನಿ. ಬರೋ ವೀಸಾ ಕೇಳಿದ ಸೊಸೆ ನೀವೇ ಮೊದಲು."