ಮಗಳಿಗಾಗಿ ನೋಡಿದ ನಾಲ್ಕು ಹಳೆಯ ಕಾರುಗಳು

ಹಳೆಯ ಗಾಡಿ ಕೊಳ್ಳಲು ಹೊರಟವನಿಗೆ ಏನೇನು ಕಾಣಬಾರದೋ ಅದೆಲ್ಲ ಕಾಣುತ್ತದೆ. ಇದಕ್ಕೆ ಕೊನೆ ಎಂಬುದೇ ಇಲ್ಲ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವನು ನಾನು. ನಿವೃತ್ತನಾಗಿ ಇಂಡಿ ಊರಿನ ನಮ್ಮ ಮನೆಯಲ್ಲಿ ಕಾಲು ಚಾಚಿ ಕುಳಿತ ಮೇಲೂ ಜನ ನನ್ನನ್ನು ಬಿಡಲಿಲ್ಲ. ಯಾರಾದರೂ ಹಳೆಯ ಕಾರು ನೋಡಲು ಹೊರಟರೆ ಸಾಕು, "ಮೇಸ್ತ್ರಿ, ಒಂದೀಟು ಬಂದು ನೋಡ್ರಿ" ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾನೂ ಹೋಗಿ, ಮೂಗು ಮುರಿದು, ಗಾಡಿಯಲ್ಲಿರುವ ದೋಷದ ಜೊತೆಗೆ ಇಲ್ಲದ ದೋಷವನ್ನೂ ಹೇಳಿ, ಮಾರುವವನ ಮನೆಯ ಚೂಡಾ ತಿಂದು ಬರುತ್ತಿದ್ದೆ. ಮಂದಿಯ ಗಾಡಿ ನೋಡುವಾಗ ನನಗೆ ಎಂದೂ ಹೆದರಿಕೆ ಆಗಿರಲಿಲ್ಲ.

ಹೆದರಿಕೆ ಶುರುವಾದದ್ದು ನನ್ನ ಮಗಳಿಗೇ ಕಾರು ಹುಡುಕಬೇಕಾದಾಗ. ಅವಳು ನರ್ಸು. ಮುದ್ದೇಬಿಹಾಳ ತಾಲೂಕಿನ ಹೊಳೆ ದಂಡೆಯ ಹಳ್ಳಿಗಳು ಅವಳ ಪಾಲಿಗೆ ಬಂದಿದ್ದವು. ಅಲ್ಲಿಗೆ ಬಸ್ಸು ದಿನಕ್ಕೆ ಎರಡೇ ಸಲ. ಹೆರಿಗೆ ಬೇನೆ ಬಸ್ಸಿನ ಟೈಮ್ ನೋಡಿಕೊಂಡು ಬರುವುದಿಲ್ಲವಲ್ಲ! ಕಾರು ಬೇಕೇ ಬೇಕಿತ್ತು, ಹೊಸದು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಆ ರಸ್ತೆ ನನಗೆ ಗೊತ್ತು. ಎರಡೂ ಕಡೆ ಕರಿ ಹೊಲ, ಕಣ್ಣು ಹಾಯುವವರೆಗೆ ಒಂದು ಗಿಡವಿಲ್ಲ, ಮಟಮಟ ಮಧ್ಯಾಹ್ನ ಅಲ್ಲಿ ಬ್ರೇಕ್ ಕೈಕೊಟ್ಟರೆ ಕೂಗಿದರೂ ಕೇಳುವವರಿಲ್ಲ. ಅಲ್ಲಿ ನನ್ನ ಮಗಳು ಒಬ್ಬಳೇ ಓಡಾಡಬೇಕು.

ಮಗಳು ರವಿವಾರಕ್ಕೊಮ್ಮೆ ಊರಿಗೆ ಬಂದಾಗ ನಾವಿಬ್ಬರೂ ಹೊರಡುವುದನ್ನು ಕಂಡು ಓಣಿಯವರು "ವರಾ ನೋಡಾಕ ಹೊಂಟೀರೇನ್ರಿ?" ಎಂದು ಕೇಳುತ್ತಿದ್ದರು. ವರನನ್ನು ನೋಡುವುದು ಇದಕ್ಕಿಂತ ಹಗುರ ಎಂದು ಈಗ ಅನ್ನಿಸುತ್ತದೆ.

ಜ್ವರ

ಮೊದಲ ಕಾರು ಸಿಂದಗಿಯಲ್ಲಿ. ಮಾರುವವರು ಒಬ್ಬ ಸಾಲಿ ಮಾಸ್ತರರು, ಮಾತು ಬಹಳ ಮೆತ್ತಗೆ. ಬಿಳಿ ಕಾರು ಬೇವಿನ ಗಿಡದ ದಟ್ಟ ನೆರಳಲ್ಲಿ ನಿಂತಿತ್ತು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ.

"ಮೂರು ದಿನಾತ್ರಿ, ಚಾವಿ ಸೈತ ಮುಟ್ಟಿಲ್ಲ" ಅಂದರು ಮಾಸ್ತರರು.

ಹಳೆಯ ಗಾಡಿ ನೋಡಲು ಹೋದಾಗ ನನ್ನ ಮೊದಲ ಕೆಲಸ ಬಾನೆಟ್ಟಿನ ಮೇಲೆ ಕೈ ಇಡುವುದು. ಎಂಜಿನ್ ತಣ್ಣಗಿರಬೇಕು. ತಣ್ಣಗಿದ್ದದ್ದು ಒಂದೇ ಏಟಿಗೆ ಚಾಲೂ ಆದರೆ ಗಾಡಿ ನಂಬಬಹುದು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಲೆಕ್ಕ. ನಾನು ಕೈ ಇಟ್ಟೆ, ಕಾದ ಹಂಚು ಮುಟ್ಟಿದಂತಾಗಿ ಹಿಂದಕ್ಕೆಳೆದೆ.

"ಬಿಸಲಿಗೆ ಕಾದೈತ್ರಿ" ಅಂದರು.

"ಇದು ನೆರಳ್ರೀ, ಮಾಸ್ತರ."

ಅವರು ತಲೆಯೆತ್ತಿ ಬೇವಿನ ಗಿಡವನ್ನು ಆಗಷ್ಟೇ ಕಂಡವರಂತೆ ನೋಡಿದರು. ಬಾನೆಟ್ಟಿನ ಒಳಗಿಂದ ಟಿಕ್... ಟಿಕ್... ಎಂದು ಯಾರೋ ಉಗುರಿನಿಂದ ಬಡಿಯುವ ಸಪ್ಪಳ ಬರುತ್ತಿತ್ತು. ಕಾದ ಕಬ್ಬಿಣ ಆರುವ ಸಪ್ಪಳ ಅದು, ನನಗೆ ಗೊತ್ತು. ಆದರೂ ಆ ಸುಮ್ಮನಿದ್ದ ಓಣಿಯಲ್ಲಿ ಕೇಳಿ ಮೈ ಜುಮ್ಮೆಂದಿತು. ಮಗಳು ಅಂಗೈ ತಿರುವಿ ಬಾನೆಟ್ಟಿಗೆ ಹಚ್ಚಿ ನೋಡಿ, "ಅಪ್ಪಾ, ಇದಕ್ಕ ಜ್ವರಾ ಬಂದಾವ" ಅಂದಳು.

ಮಾಸ್ತರರು ನನ್ನ ಹತ್ತಿರ ಬಂದು ದನಿ ಇಳಿಸಿ, "ಈ ಗಿಡದಾಗ ಏನೋ ಐತಿ ಅಂತಾರ್ರಿ. ಗಾಡಿ ತಂತಾನ ಬಿಸಿ ಆಗ್ತೈತಿ" ಅಂದರು. ಅದೇ ಹೊತ್ತಿಗೆ ಎದುರಿನ ಕಂಪೌಂಡ್ ಗೋಡೆಯ ಮೇಲೆ ಒಂದು ತಲೆ ಮೂಡಿತು. ಅದರ ಪಕ್ಕ ಇನ್ನೊಂದು. ಹೀಗೆ ಒಂದೂ ಮಾತಿಲ್ಲದೆ ಆರು ತಲೆಗಳು ಸಾಲಾಗಿ ಎದ್ದು ನಮ್ಮನ್ನೇ ನೋಡತೊಡಗಿದವು. ಎಲ್ಲರ ಮುಖದ ಮೇಲೂ ನೀರು ಇಳಿಯುತ್ತಿತ್ತು.

ಕೊನೆಗೆ ನಡುವಿನ ತಲೆ ಬಾಯಿಬಿಟ್ಟಿತು: "ಮಾಸ್ತರ, ಅವರು ನೋಡೂದು ಮುಗೀತಂದ್ರ ನಾವು ಮನಿಗೆ ಹೋಗ್ತೇವ್ರಿ. ಮುಂಜಾನಿಂದ ದಬ್ಬಿ ದಬ್ಬಿ ಸಾಕಾಗೇತಿ, ಇನ್ನೊಮ್ಮೆ ನಮ್ಮ ಕೈಲೆ ಚಾಲೂ ಮಾಡ್ಸೂದು ಆಗಂಗಿಲ್ಲ."

ನಾಲ್ಕು ಗೆರೆ

ಬಸವನ ಬಾಗೇವಾಡಿ ಕಡೆಯ ಹೂವಿನ ಹಿಪ್ಪರಗಿಯಲ್ಲಿ ಕಂಡ ಕೆಂಪು ಕಾರಿಗೆ ಮದುಮಗಳ ಕಳೆ ಇತ್ತು. ಮಾರುವವನು ಹುರುಪಿನ ಮನುಷ್ಯ, ಗಾಡಿಗಿಂತ ಹೆಚ್ಚು ಅವನೇ ಹೊಳೆಯುತ್ತಿದ್ದ. ಎಂಜಿನ್ ತಣ್ಣಗಿತ್ತು, ಚಾಲೂ ಕೂಡ ಆಯಿತು. ಮಗಳು ನನ್ನ ಕಡೆ ನೋಡಿ ನಕ್ಕಳು.

ನನ್ನದೊಂದು ಹಳೆಯ ಪರೀಕ್ಷೆ ಇದೆ. ಹೊಲದ ದಾರಿಗೆ ಒಂದೆರಡು ಕೊಡ ನೀರು ಚಿಮುಕಿಸಿ, ಅದರ ಮೇಲೆ ಗಾಡಿಯನ್ನು ನೆಟ್ಟಗೆ ಓಡಿಸಬೇಕು. ಮುಂದಿನ ಗಾಲಿ ಹೋದ ಗುರುತಿನ ಮೇಲೆಯೇ ಹಿಂದಿನ ಗಾಲಿ ಬಂದು ಎರಡು ಗೆರೆ ಮೂಡಿದರೆ ಮೈಕಟ್ಟು ಸರಿ ಇದೆ. ಮಗಳನ್ನೇ ಕೂರಿಸಿ ಓಡಿಸು ಎಂದೆ. ಅವಳು ಐವತ್ತು ಹೆಜ್ಜೆ ಹೋಗಿ ನಿಂತಳು. ನಾನು ಬಗ್ಗಿ ನೋಡಿದೆ.

ಮಣ್ಣಿನ ಮೇಲೆ ನಾಲ್ಕು ಗೆರೆ ಇದ್ದವು. ನನ್ನ ಮಗಳ ಕಾರಿನ ಮಗ್ಗುಲಲ್ಲೇ ಕಾಣದ ಇನ್ನೊಂದು ಕಾರು ಸದ್ದಿಲ್ಲದೆ ಹೋದಂತೆ ನಾಲ್ಕು ಗೆರೆ. ನಾನು ಇನ್ನೊಮ್ಮೆ ಎಣಿಸಿದೆ. ಮಧ್ಯಾಹ್ನದ ಬಿಸಿಲಲ್ಲಿ ಬೆನ್ನು ತಣ್ಣಗಾಯಿತು.

ಓಡಿಹೋಗಿ ಬಾಗಿಲ ಅಂಚಿನ ರಬ್ಬರ್ ಕಿತ್ತು ನೋಡಿದೆ. ಮುಂದಿನ ಬಾಗಿಲಿನ ಕೆಳಗೆ ಹಸಿರು ಬಣ್ಣ, ಹಿಂದಿನ ಬಾಗಿಲಿನ ಕೆಳಗೆ ನೀಲಿ, ನಡುವೆ ಹೊಲಿದ ಗಾಯದ ಹಾಗೆ ವೆಲ್ಡಿಂಗ್. ಬೇರೆ ಬೇರೆ ಕಡೆ ಅಪಘಾತದಲ್ಲಿ ಸತ್ತ ಎರಡು ಕಾರುಗಳ ಅರ್ಧರ್ಧ ತಂದು ಒಂದು ಮಾಡಿದ್ದರು. ಮುಂದೆ ಕೂತಿದ್ದವರು ಯಾವುದೋ ರಸ್ತೆಯಲ್ಲಿ ಚೀರಿರಬೇಕು, ಹಿಂದೆ ಕೂತಿದ್ದವರು ಇನ್ಯಾವುದೋ ರಸ್ತೆಯಲ್ಲಿ. ಆ ಎರಡರ ನಡುವೆ ನನ್ನ ಮಗಳು ಸ್ಟೇರಿಂಗ್ ಹಿಡಿದು ನಗುತ್ತ ಕೂತಿದ್ದಳು.

"ಮೊದಲ ಇಳಿ ಕೆಳಗ!" ಎಂದು ಎಷ್ಟು ಜೋರಾಗಿ ಒದರಿದೆನೆಂದರೆ ಹೊಲದಲ್ಲಿದ್ದ ಬೆಳ್ಳಕ್ಕಿಗಳು ಎದ್ದು ಹೋದವು. ಮಾರುವವನ ಕಡೆ ತಿರುಗಿ, "ಏನ್ರೀ ಇದು? ಎರಡು ಗಾಡಿ ಕೂಡಿಸಿ ಒಂದು ಮಾಡೀರಿ! ನಾಚಿಕಿ ಆಗಂಗಿಲ್ಲೇನ್ರಿ?" ಎಂದು ಕೇಳಿದೆ.

ಅವನ ಮುಖದ ಹೊಳಪು ಒಂದಿಷ್ಟೂ ಕುಂದಲಿಲ್ಲ. "ಯಾಕ್ ಸಿಟ್ಟಾಗ್ತೀರಿ ಮೇಸ್ತ್ರಿ? ಬ್ಯಾರೆಯವರು ಒಂದರ ರೊಕ್ಕಕ್ಕ ಒಂದ ಗಾಡಿ ಕೊಡ್ತಾರ. ನಾ ಎರಡು ಕೊಡಾಕತ್ತೇನಿ!"

ತಂದೆಯ ಪ್ರೀತಿ

ಮೂರನೆಯದು ತಂಗಡಗಿಯ ಆಚೆ, ಕೃಷ್ಣೆಯ ದಂಡೆಗೆ ಹತ್ತಿರದ ಒಂದು ತೋಟದಲ್ಲಿ. ಕಾರು ತಗಡಿನ ಶೆಡ್ಡಿನಲ್ಲಿತ್ತು. ಸುತ್ತ ಜಾಲಿ ಕಂಟಿ, ಒಳಗೆ ಅರೆಗತ್ತಲು. ಮಾರುವವನು ಚಾವಿಯನ್ನು ನನ್ನ ಕೈಗೆ ಕೊಟ್ಟು ದೂರ ನಿಂತ. ಅಷ್ಟು ದೂರ ಯಾಕೆ ನಿಂತ ಎಂದು ನಾನು ಆಗಲೇ ಯೋಚಿಸಬೇಕಿತ್ತು.

ನಾನು ಬಾಗಿಲು ತೆರೆದೆ, ಅಷ್ಟೇ. ಚಾವಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ವೈಪರ್ ತಾನಾಗಿಯೇ ಎದ್ದು ಒಣ ಗಾಜಿನ ಮೇಲೆ ಕರ್ರ್... ಕರ್ರ್... ಎಂದು ಎರಡು ಸಲ ಬೀಸಿ, ಬೇಡವೆಂದು ಕೈಯಾಡಿಸಿದಂತೆ ಮತ್ತೆ ಮಲಗಿತು. ಆಮೇಲೆ ಒಂದು ಕಣ್ಣು ಮಿಟುಕಿದ ಹಾಗೆ ಎಡಗಡೆಯ ದೀಪ ಹತ್ತಿ ಆರಿತು. ಕೊನೆಗೆ ಹಾರ್ನು. ಅದು ಹಾರ್ನಿನ ಸದ್ದೇ ಅಲ್ಲ. ನೋವಿನಲ್ಲಿದ್ದ ಮುದುಕ ನರಳಿದಂತಿತ್ತು. ಮಗಳು ನನ್ನ ತೋಳು ಹಿಡಿದಳು.

"ಅಂಜಬ್ಯಾಡ್ರಿ" ಅಂದ ಮಾರುವವನು, ಕಣ್ಣಲ್ಲಿ ನೀರು ತಂದುಕೊಂಡು. "ನಮ್ಮಪ್ಪ ತೀರಿಕೊಂಡು ವರ್ಷಾತ್ರಿ. ಈ ಗಾಡಿ ಮ್ಯಾಲೆ ಭಾಳ ಜೀವಾ ಇಟ್ಟಿದ್ದ. ಯಾರರ ಬಂದ್ರ ಹಿಂಗ ಮಾತಾಡಸ್ತಾನ. ಕೆಟ್ಟದ್ದು ಮಾಡಂಗಿಲ್ರಿ, ಕಾಯ್ತಾನ."

ಮಗಳನ್ನು ಕಾಯುವ ಆತ್ಮವೊಂದು ಗಾಡಿಯ ಜೊತೆ ಬಿಟ್ಟಿ ಸಿಗುವುದಾದರೆ ಯಾಕಾಗಬಾರದು ಎಂದು ಒಂದು ಗಳಿಗೆ ನನಗೂ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಮೂವತ್ತು ವರ್ಷದ ಚಟ, ಕೈ ತಾನಾಗಿ ಕೆಳಗಿನ ಕಾರ್ಪೆಟ್ ಎತ್ತಿತು. ಕೆಳಗೆ ಹೊಳೆಯ ರೇವೆ ಮಣ್ಣು ಗಟ್ಟಿಯಾಗಿ ಕೂತಿತ್ತು, ಅದರ ನಡುವೆ ಎರಡು ಕಪ್ಪೆಚಿಪ್ಪು. ಗಾಡಿ ಪ್ರವಾಹದಲ್ಲಿ ಮುಳುಗಿ ಎದ್ದಿತ್ತು. ನೀರು ಕುಡಿದ ವೈರುಗಳು ಒಂದಕ್ಕೊಂದು ತಾಗಿ ಈ ಎಲ್ಲ ಆಟ ಆಡುತ್ತಿದ್ದವು.

"ನಿಮ್ಮಪ್ಪನವರು ಗಾಡಿ ತಗೊಂಡು ಹೊಳಿಯಾಗ ಈಜಾಕ ಹೋಗಿದ್ರೇನ್ರಿ?" ಎಂದು ಚಿಪ್ಪನ್ನು ಎತ್ತಿ ತೋರಿಸಿದೆ.

ಅಷ್ಟರಲ್ಲೇ ಶೆಡ್ಡಿನ ಹಿಂದಿನಿಂದ ಕೋಲೂರಿಕೊಂಡು ಒಬ್ಬ ಮುದುಕ ಬಂದ. ಮಗನ ಕಡೆ ಕಣ್ಣೆತ್ತಿಯೂ ನೋಡದೆ ನನಗೆ ಕೈಮುಗಿದ. "ಗಿರಾಕಿ ಬಂದಾಗೊಮ್ಮೆ ನನ್ನ ಸಾಯಿಸ್ತಾನ್ರಿ. ಇದು ನಾಕನೇ ಸಲ. ನಿಮಗ ಪುಣ್ಯಾ ಬರ್ತೈತಿ, ಇದನ್ನ ಯಾರಿಗರ ಕೊಡ್ಸಿಬಿಡ್ರಿ. ನಾ ಒಂದಷ್ಟು ದಿವಸ ಬದುಕ್ತೇನಿ."

ಹಿಂದಿನ ಸೀಟಿನ ದನಿ

ಇಷ್ಟರಲ್ಲಿ ಒಂದು ಪ್ರಸಂಗ ನಡೆಯಿತು. ಹೆರಿಗೆಗೆ ಕರೆ ಬಂದಾಗ ಮಗಳು ಬಸ್ಸಿಗೆ ಕಾದು ಕಾದು ತಡವಾಗಿ ಮುಟ್ಟಿದಳು. ಅಷ್ಟರಲ್ಲಿ ಕೂಸು ಅಜ್ಜಿಯ ಕೈಯಲ್ಲೇ ಹುಟ್ಟಿತ್ತು. ತಾಯಿ, ಕೂಸು ಇಬ್ಬರೂ ಚೆನ್ನಾಗಿದ್ದರು. ಆದರೆ ಮಗಳು ಫೋನಿನಲ್ಲಿ ಅತ್ತಳು. "ಅಪ್ಪಾ, ನೀ ಹಿಂಗ ದೋಷ ಹುಡುಕ್ಕೋತ ಕುಂತ್ರ ಇನ್ನೊಂದ ಸಲ ಏನಾಗ್ತೈತೋ. ಮುಂದಿನ ಗಾಡಿ ಹೆಂಗರ ಇರಲಿ, ನಾ ತಗೊಳ್ಳಾಕಿ." ಅವಳು ಹಟ ಹಿಡಿದರೆ ಅವರಮ್ಮನಂತೆಯೇ. ನನಗೆ ಎರಡೂ ಕಡೆಯಿಂದ ಭಯ ಹಿಡಿಯಿತು.

ಆ ಮುಂದಿನ ಗಾಡಿ ನಮ್ಮ ಇಂಡಿಯಲ್ಲೇ ಸಿಕ್ಕಿತು. ಊರ ಹೊರಗಿನ ಲಿಂಬೆ ತೋಟದ ಮನೆ. ಸಾಲಿಗೆ ಮುಖ್ಯೋಪಾಧ್ಯಾಯಿನಿಯಾಗಿದ್ದ ನಿವೃತ್ತ ಹೆಡ್‌ಬಾಯಿಯೊಬ್ಬರ ಕಾರು. ಅವರ ಅಳಿಯ ಚಾವಿ ಕೊಟ್ಟು, "ಅತ್ತಿ ಮಲಗ್ಯಾರ್ರಿ, ನೀವು ಸಾವಕಾಶ ನೋಡ್ರಿ" ಎಂದು ಒಳಗೆ ಹೋದ.

ಬಾನೆಟ್ ತಣ್ಣಗಿತ್ತು. ಒಂದೇ ಏಟಿಗೆ ಚಾಲೂ ಆಯಿತು. ಗಾಲಿಯ ಗೆರೆ ಎರಡೇ. ಕಾರ್ಪೆಟ್ಟಿನ ಕೆಳಗೆ ಒಂದು ಒಣ ಲಿಂಬೆ ಎಲೆ ಬಿಟ್ಟರೆ ಏನೂ ಇಲ್ಲ. ಅಂಗಾತ ಮಲಗಿ ಕೆಳಗೆಲ್ಲ ನೋಡಿದೆ, ಮೂಸಿದೆ, ಬಡಿದೆ. ಒಂದೂ ದೋಷ ಸಿಗಲಿಲ್ಲ. ದೋಷ ಸಿಗದ ಹಳೆಯ ಗಾಡಿಯನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ, ಹಾಗಾಗಿ ಇದೇ ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ನೀರಿನ ಹೌದಿನ ಹತ್ತಿರ ಹೋಗಿ ಕೈ ತೊಳೆದು ಬಂದೆ. ಮಗಳು ಕಟ್ಟೆಯ ಮೇಲೆ ಚಹಾ ಮುಗಿಸಿ ಬಂದು ಸ್ಟೇರಿಂಗ್ ಹಿಡಿದಳು. ಗಾಡಿ ಪಾಸು ಮಾಡುವವನು ಮೊದಲ ಸುತ್ತಿನಲ್ಲಿ ಅದರಲ್ಲೇ ಕೂಡಬೇಕು, ಏನಾದರೂ ಆದರೆ ಮೊದಲು ಅವನಿಗೇ ಆಗಬೇಕು ಎಂಬುದು ನಮ್ಮ ಡಿಪೋದ ಪದ್ಧತಿ. ನಾನು ಅವಳ ಪಕ್ಕ ಕೂತೆ.

ತೋಟದ ದಾರಿ ಸಣ್ಣದು. ಎರಡೂ ಕಡೆ ಲಿಂಬೆ ಗಿಡ ಒತ್ತಾಗಿ ಬೆಳೆದು ಬಿಸಿಲೂ ಹಸಿರಾಗಿತ್ತು. ಗಾಳಿ ಇಲ್ಲ, ಒಂದು ಎಲೆ ಅಲ್ಲಾಡುತ್ತಿರಲಿಲ್ಲ.

"ನಿಧಾನ" ಎಂದು ಒಂದು ದನಿ ಹೇಳಿತು.

"ನಿಧಾನನ ಹೊಂಟೇನಲ್ಲಪ್ಪಾ" ಅಂದಳು ಮಗಳು.

"ನಾ ಏನೂ ಅಂದಿಲ್ಲ" ಅಂದೆ. ಇಬ್ಬರೂ ಮುಖ ನೋಡಿಕೊಂಡೆವು. ಮೇಲಿನ ಕನ್ನಡಿ ನೋಡಿದೆ. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ.

"ಮುಂದ ತಗ್ಗು ಐತಿ, ಬಲಕ್ಕ ತಗೋ" ಅಂದಿತು ದನಿ, ನನ್ನ ಕಿವಿಯ ಹಿಂದೆಯೇ. ತಿರುವು ದಾಟಿದರೆ ನಿಜವಾಗಿಯೂ ಮೊಣಕಾಲುದ್ದದ ತಗ್ಗು. ಮಗಳು ಬಲಕ್ಕೆ ತೆಗೆದುಕೊಂಡಳು. ನನ್ನ ಅಂಗಿ ಬೆನ್ನಿಗೆ ಅಂಟಿತು.

"ಈಗ ಒಬ್ಬಾಕಿ ಆಡು ಹೊಡಕೊಂಡು ಬರ್ತಾಳ." ಎರಡೇ ನಿಮಿಷ. ಗಿಡಗಳ ಸಂದಿಯಿಂದ ಒಬ್ಬಳು ಆಡು ಹೊಡೆದುಕೊಂಡು ಬಂದು, ಕಾರಿನೊಳಗೆ ನೋಡಿ, ನಮ್ಮ ಹಿಂದಿನ ಸೀಟಿಗೆ ಕೈಮುಗಿದು ಹೋದಳು.

ಆಮೇಲೆ ಏನಾಯಿತೆಂದು ನಾನು ಇದುವರೆಗೂ ಮನೆಯಲ್ಲಿ ಪೂರ್ತಿ ಹೇಳಿಲ್ಲ. ಬಾಗಿಲು ತೆರೆದು ಜಿಗಿದೆ. ಗಾಡಿ ನಡಿಗೆಯ ವೇಗದಲ್ಲಿತ್ತು, ನಾನು ನೆಟ್ಟಗೆ ಲಿಂಬೆ ಗಿಡದೊಳಗೆ ಬಿದ್ದೆ. ಲಿಂಬೆ ಮುಳ್ಳು ಎಂಥದ್ದೆಂದು ಇಂಡಿಯವರಿಗೆ ಹೇಳಬೇಕಾಗಿಲ್ಲ. ಮುಳ್ಳಿನಲ್ಲಿ ಸಿಕ್ಕಿಕೊಂಡ ಮೇಲೆ ತಲೆಗೆ ಹೊಳೆಯಿತು, ಮಗಳನ್ನು ಅದರ ಜೊತೆ ಒಳಗೇ ಬಿಟ್ಟು ಬಂದಿದ್ದೇನೆ!

ಮಗಳು ಗಾಡಿಯನ್ನು ಬದಿಗೆ ತಂದಳು. ನಿಲ್ಲಿಸಿದಳು. ಹ್ಯಾಂಡ್‌ಬ್ರೇಕ್ ಎಳೆದಳು. ಎಚ್ಚರಿಕೆಯ ದೀಪ ಹಾಕಿದಳು. ಆಮೇಲೆ ಹಿಂದಕ್ಕೆ ತಿರುಗಿ, ವಾರ್ಡಿನಲ್ಲಿ ಕೇಳುವ ದನಿಯಲ್ಲಿ, "ಯಾರ್ರಿ? ಎಲ್ಲಿ ನೋಯಾಕತ್ತೈತ್ರಿ?" ಎಂದು ಕೇಳಿದಳು.

"ಟೊಂಕ" ಅಂದಿತು ದನಿ.

ಮುಂದಿನ ಸೀಟಿನ ಹಿಂದಿನಿಂದ ಮೊದಲು ಒಂದು ಸುಕ್ಕುಗಟ್ಟಿದ ಕೈ ಎದ್ದಿತು, ಆಮೇಲೆ ಬೆಳ್ಳನೆಯ ತಲೆ. ಗುಬ್ಬಿಯಷ್ಟಿದ್ದ ಹೆಡ್‌ಬಾಯಿಯವರು ಟೊಂಕ ನೋವೆಂದು ಹಿಂದಿನ ಸೀಟಿನ ಮೇಲೆ ಅಡ್ಡಾಗಿದ್ದರು. ತಮ್ಮ ಗಾಡಿ ತಮ್ಮನ್ನು ಬಿಟ್ಟು ಗೇಟು ದಾಟಬಾರದೆಂದು, ನಾನು ಕೈ ತೊಳೆಯಲು ಹೋದಾಗ ಬಂದು ಮಲಗಿದ್ದರಂತೆ. ಕಾರು ಯಾರು ಹೇಗೆ ಓಡಿಸುತ್ತಾರೆ ನೋಡದೆ ಅವರು ಕೊಡುವವರಲ್ಲ. ಆ ದಾರಿಯ ಪ್ರತಿ ತಗ್ಗೂ, ಆಡಿನವಳು ಬರುವ ಹೊತ್ತೂ ಅವರಿಗೆ ಬಾಯಿಪಾಠ.

ನಾನು ಮುಳ್ಳು ಕೀಳುತ್ತ ಹತ್ತಿರ ಬಂದೆ. ಮಗಳು ಅವರ ಟೊಂಕ ತಿಕ್ಕುತ್ತಿದ್ದಳು. ನನಗೆ ನಾಚಿಕೆಯಾಗಿತ್ತು, ಬಹಳ ನಾಚಿಕೆಯಾಗಿತ್ತು. ಆದರೆ ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಯ ಎದ್ದು ಹೋಗಿತ್ತು. ಆ ಹೊಳೆ ದಂಡೆಯ ರಸ್ತೆಯಲ್ಲಿ ನನ್ನ ಮಗಳಿಗೆ ಏನೂ ಆಗುವುದಿಲ್ಲ ಎಂದು ಅಂದು ನನಗೆ ಖಾತ್ರಿಯಾಯಿತು.

ಹೆಡ್‌ಬಾಯಿಯವರು ಅವಳ ಕೈಯಲ್ಲಿ ಚಾವಿ ಇಟ್ಟು, "ಗಾಡಿ ನಿನಗ ಮಗಳ" ಅಂದರು. ಹಳೆಯ ಚಟ ನನ್ನನ್ನು ಅಲ್ಲಿಯೂ ಬಿಡಲಿಲ್ಲ. ಗಂಟಲು ಸರಿಮಾಡಿಕೊಂಡು, "ಬಾಯಾರ, ಗಾಡ್ಯಾಗ ಏನರ ದೋಷ ಇದ್ರ ಈಗ ಹೇಳಿಬಿಡ್ರಿ" ಎಂದೆ.

ಅವರು ನನ್ನ ಹರಿದ ಅಂಗಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಒಂದ ಇತ್ತಪಾ, ಮುಂದಿನ ಎಡಗಡೆ ಸೀಟಿನ್ಯಾಗ. ಅದು ತಾನ ಬಾಗಲಾ ತಗದು ಜಿಗದು ಹೋತು."